ಹೂವಿಗೊಂದು ಟಿಕೇಟು

ಇಪ್ಪತ್ಮೂರು ವರ್ಷ ಕಟಪಾಡಿ–ಶಿರ್ವ ಲೈನಿನಲ್ಲಿ
ಸೀಟಿ ಊದಿದವ ನಾನು.
ಶಂಕರಪುರದ ಸ್ಟಾಪು ಬಂತೆಂದು
ಕಣ್ಣು ಮುಚ್ಚಿಯೂ ಹೇಳುತ್ತಿದ್ದೆ:
ಒದ್ದೆ ಬಾಳೆಲೆಯ ಕಟ್ಟು ಮೆಟ್ಟಲೇರಿದ್ದೇ
ಡೀಸೆಲ್ ವಾಸನೆ ಸುಮ್ಮನಾಗುತ್ತಿತ್ತು.
"ಬಾನೆಟ್ಟಿನ ಮೇಲೆ ಬೇಡ ಮಾರಾಯ, ಬಿಸಿ ತಾಗ್ತದೆ,"
ಕೆಳಗಿಂದ ಸೆವ್ರಿನ್ ಬಾಯಿ.
ಯಾರದೋ ಮದುವೆ, ಯಾರದೋ ಸೀಮಂತ, ಎಲ್ಲಿಯದೋ ನೇಮ,
ಒಂದಕ್ಕೂ ಟಿಕೇಟು ಹರಿದವನಲ್ಲ.
ಹೂವಿಗೆಂತ ಟಿಕೇಟು.

ಈಗ ನನ್ನ ಮನೆಯದೇ ಮದುವೆ.
ನಿಶ್ಮಿತಾ ಮೊಬೈಲಿನಲ್ಲಿ ತೋರಿಸಿದಳು:
ತೌಸೀಫ್, ಮಂಗಳೂರಿನ ಕಂಕನಾಡಿಯಲ್ಲಿ ಅಂಗಡಿ,
ಹೂವಿನದೇ ಗೋಡೆ ಕಟ್ಟುತ್ತಾನಂತೆ,
ನೇರಳೆ ಆರ್ಕಿಡ್, ಇನ್ನೊಂದು ಬಿಳಿಯದು, ಹೆಸರು ನೆನಪಿಲ್ಲ.
ವಾಸನೆ ಉಂಟಾ, ಕೇಳಿದೆ.
"ಫೋಟೋಕ್ಕೆ ವಾಸನೆ ಬೇಡ ಅಪ್ಪ."

ತೌಸೀಫ್ ಒಳ್ಳೆಯ ಹುಡುಗ, ಸುಳ್ಳು ಹೇಳಲಿಲ್ಲ.
ಸೀರೆಯ ಬಣ್ಣ ಕೇಳಿದ, ಹಾಲಿನ ಅಗಲ ಕೇಳಿದ,
ಎಸಿ ಎಷ್ಟು ಹೊತ್ತಿಗೆ ಹಾಕ್ತಾರೆ ಕೇಳಿದ.
"ಹಿಂದಿನ ಸಾಲಿಗೆ ಪ್ಲಾಸ್ಟಿಕ್ ಸೇರಿಸಿದ್ರೆ
ಹನ್ನೆರಡು ಸಾವಿರ ಕಮ್ಮಿ ಆಗ್ತದೆ ಅಂಕಲ್,
ಯಾರಿಗೂ ಗೊತ್ತಾಗ್ಲಿಕ್ಕಿಲ್ಲ."
ನನಗೆ ಗೊತ್ತಾಗ್ತದಲ್ಲ, ಎಂದೆ ದೊಡ್ಡದಾಗಿ.
ಮನೆಗೆ ಬಂದು ಲೆಕ್ಕ ಹಾಕಿ
ಫೋನು ಮಾಡಿದೆ: ಸೇರಿಸು.

ತಲೆಯ ಹೂವು ಮಾತ್ರ ನನ್ನ ಪಾಲಿಗೆ.
ಸೆವ್ರಿನ್ ಬಾಯಿಯ ಜಗಲಿಗೆ ಹೋದೆ.
ಬೆರಳಿನಲ್ಲಿ ನೆನೆದ ಬಾಳೆನಾರು, ಕಣ್ಣು ಗೇಟಿನ ಮೇಲೆ;
ಆಕೆ ಮೊಗ್ಗು ನೋಡಿ ಕಟ್ಟಿದ್ದನ್ನು
ನಾನು ಕಂಡದ್ದೇ ಇಲ್ಲ.
"ಎಷ್ಟು?"
ಆರು ಅಟ್ಟೆ.
"ಹುಡುಗಿಯ ಕೂದಲು?"
ಭುಜದವರೆಗೆ ಕತ್ತರಿಸಿದ್ದಾಳೆ, ಎಂದೆ
ನಾನೇ ಕತ್ತರಿಸಿದವನ ಹಾಗೆ.
"ಸಡಿಲ ಕಟ್ಟಿದರೆ ಜಾರ್ತದೆ. ಒತ್ತಾಗಿ ಕಟ್ಟುವ."

ರೇಟು ಕೇಳಿದೆ. ನಕ್ಕಳು.
"ಅವತ್ತಿನ ರೇಟು ಅವತ್ತು ಕಟ್ಟೆಯಲ್ಲಿ ಹೇಳುವುದು.
ನಿನಗೆ ಹೂವು ಬೇಕಾದ್ದು ಅದಕ್ಕೂ ಮೊದಲು.
ಮದುವೆ ಮುಗಿಸಿ ಬಾ."
ಬಾಯಿ, ಇಪ್ಪತ್ಮೂರು ವರ್ಷ ನಿಮ್ಮ ಬುಟ್ಟಿ...
"ನನಗೆ ಗೊತ್ತುಂಟು. ಹೂವಿಗೆ ಗೊತ್ತಿಲ್ಲ."

ರಾತ್ರಿ ವಾರಿಜಳಿಗೆ ನಿದ್ದೆಯಿಲ್ಲ:
ದರವೇ ಗೊತ್ತಿಲ್ಲದ್ದನ್ನು ಒಪ್ಪಿ ಬಂದಿರಲ್ಲ.
ನಾನೆಂದೆ, ನಿನ್ನನ್ನೂ ಹಾಗೆಯೇ.
ಮಗ್ಗುಲು ತಿರುಗಿದಳು. ನಕ್ಕಳೋ ಇಲ್ಲವೋ, ಕತ್ತಲೆ.

ಆ ದಿನ ಏಳೂಕಾಲಕ್ಕೆ ಕಟಪಾಡಿಯಲ್ಲಿ
ಹೊಸ ಪಂಚೆ ಎತ್ತಿ ಕಟ್ಟಿ ನಿಂತಿದ್ದೆ.
ನನ್ನದೇ ಬಸ್ಸು, ಬಣ್ಣ ಮಾತ್ರ ಬೇರೆ.
ಡ್ರೈವರನ ಹಿಂದೆ, ಬಿಸಿ ತಾಗದ ಕಡೆ,
ಒದ್ದೆ ಗೋಣಿಯ ಮೇಲೆ ಆರು ಕಟ್ಟು,
ಒಂದಕ್ಕೆ ಕೆಂಪು ದಾರ.
ಎತ್ತಿಕೊಳ್ಳಲು ಬಗ್ಗಿದೆ.
"ಅಜ್ಜ, ಲಗೇಜು," ಅಂದ
ಹೊಸ ಕಂಡಕ್ಟರ್ ಹುಡುಗ, ಮೆಷಿನಿನಿಂದ ಚೀಟಿ ಹರಿದು.
ಮೂವತ್ತು ರೂಪಾಯಿ.

ನಾನು ಯಾರೆಂದು ಹೇಳಬಹುದಿತ್ತು.
ಡ್ರೈವರ್ ಹೇಳುವವನಿದ್ದ, ಕಣ್ಣಿನಲ್ಲೇ ತಡೆದೆ.
ಚಿಲ್ಲರೆ ಎಣಿಸಿ ಕೊಟ್ಟೆ.
ಹುಡುಗ ಸೀಟಿ ಊದಿದ, ಸ್ವಲ್ಪ ಉದ್ದವಾಯಿತು;
ಎರಡು ಚುಟುಕು ಸಾಕು ಮಗಾ,
ಬಸ್ಸು ಹೋದ ಮೇಲೆ ಹೇಳಿದೆ.

ಹಾಲಿನಲ್ಲಿ ತೌಸೀಫನ ಗೋಡೆ ಚಂದವೇ ಇತ್ತು.
ಪ್ಲಾಸ್ಟಿಕ್ ಯಾವುದೆಂದು ಹುಡುಕಿದೆ, ಸಿಗಲಿಲ್ಲ,
ಸ್ವಲ್ಪ ಬೇಜಾರಾಯಿತು.
ಮಗಳ ಕುತ್ತಿಗೆಯ ಮೇಲೆ ಒತ್ತಾಗಿ ಕೂತದ್ದು
ಧಾರೆ ಎರೆಯುವಾಗಲೂ ಬಿಗಿ ಮೊಗ್ಗು.
ಸಂಜೆ ಬಿರಿದಿರಬೇಕು,
ಬ್ರಹ್ಮಾವರದಲ್ಲಿ, ಅವರ ಮನೆಯಲ್ಲಿ.

ಎರಡು ದಿನ ಬಿಟ್ಟು ಅದೇ ಜಗಲಿ.
ಅಟ್ಟೆಗೆ ಸಾವಿರದ ಎಂಟುನೂರೈವತ್ತು,
ಒಟ್ಟು ಹನ್ನೊಂದು ಸಾವಿರದ ನೂರು.
ಸೆವ್ರಿನ್ ಬಾಯಿ ಒಂದು ಪೈಸೆ ಬಿಡಲಿಲ್ಲ.
ನೋಟಿನ ನಡುವೆ ಆ ಚೀಟಿ ಹೋಗಿತ್ತು.
ಕನ್ನಡಕ ಹುಡುಕಿ, ಬೆಳಕಿಗೆ ಹಿಡಿದು,
ನಿಧಾನ ಓದಿದಳು.
"ಹೂವಿಗೆ ಟಿಕೇಟಾ!"
ನಾರು ಮತ್ತೆ ಬೆರಳಿಗೆ ಸುತ್ತಿಕೊಂಡು,
ಕಣ್ಣು ಗೇಟಿನ ಮೇಲಿಟ್ಟು, ಹೇಳಿದಳು:
"ಈ ಮೂವತ್ತು ಕಳೆದು ಕೊಡು."